ರಾತ್ರಿ ಹೊತ್ತು ಸುದ್ದಿ ನೋಡಿ ನಗುವವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ರಾತ್ರಿ ಊಟ ಆದ ಮೇಲೆ ಚಾವಡಿಯಲ್ಲಿ ಟೀವಿ ಹಾಕಿಕೊಂಡು ಅಡಿಕೆ ಸುಲಿಯಲು ಕೂರುವುದು ಮೊದಲಿನಿಂದಲೂ ರೂಢಿ. ಕೈಗೆ ಕೆಲಸ, ಕಣ್ಣಿಗೆ ಟೀವಿ. ಆ ಹೊತ್ತಿನಲ್ಲಿ ನಾನು ನೋಡುವುದು ಸುದ್ದಿಯನ್ನು ಗೇಲಿ ಮಾಡುವ ಕಾರ್ಯಕ್ರಮಗಳನ್ನು. ಮಲಯಾಳದ್ದು ಟೀವಿಯಲ್ಲಿ, ಅಮೆರಿಕದ್ದು ಮೊಬೈಲಿನಲ್ಲಿ. ಮದುವೆ ಮನೆ, ಬಸ್ಸು, ಹಾಲಿನ ಸೊಸೈಟಿ, ಎಲ್ಲಿ ಹೋದರೂ ಇದರ ಬಗ್ಗೆ ಅವೇ ಪ್ರಶ್ನೆಗಳು. ಒಮ್ಮೆ ಬರೆದಿಟ್ಟರೆ ಬಾಯಿಗೆ ಸ್ವಲ್ಪ ವಿಶ್ರಾಂತಿ ಎಂದು ಬರೆದಿದ್ದೇನೆ.

ಇದು ಸುದ್ದಿಯಾ, ಕಾಮಿಡಿಯಾ?

ಎರಡೂ. ಮೇಜು, ಕೋಟು, ಹೆಗಲ ಪಕ್ಕದಲ್ಲೊಂದು ಚಿತ್ರ, ಎಲ್ಲ ಸುದ್ದಿ ಓದುವವರದ್ದೇ. ಹೇಳುವ ಸುದ್ದಿಯೂ ನಿಜವಾಗಿ ನಡೆದದ್ದೇ. ಹೇಳುವ ರೀತಿ ಮಾತ್ರ ಬೇರೆ.

ಮಿಮಿಕ್ರಿ ಜೊತೆ ಇದನ್ನು ಸೇರಿಸಬೇಡಿ. ಮಿಮಿಕ್ರಿಯವರು ಮಂತ್ರಿಯ ಧ್ವನಿ ಮಾಡುತ್ತಾರೆ. ಇಲ್ಲಿ ಮಂತ್ರಿಯೇ ಕ್ಲಿಪ್ಪಿನಲ್ಲಿ ಬಂದು ಮಾತಾಡಿ ಹೋಗುತ್ತಾರೆ. ಆಮೇಲೆ ಆಂಕರ್ ಶುರು ಮಾಡುತ್ತಾರೆ.

ನಮ್ಮ ಕಡೆಯವರಿಗೆ ನಾನು ಹೇಳುವುದು ಇಷ್ಟೆ: ಯಕ್ಷಗಾನದ ತಾಳಮದ್ದಳೆ ಕೇಳಿದ್ದೀರಲ್ವಾ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಅದನ್ನು ಹಿಡಿದು ಜಗ್ಗುತ್ತಾರೆ. ಪದ್ಯ ಹಳೆಯದು, ಅರ್ಥ ಆ ರಾತ್ರಿಯದ್ದು. ಇಲ್ಲಿ ಕ್ಲಿಪ್ಪೇ ಪದ್ಯ. ಕುಂಬಳೆಯ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿ ಬೆಳೆದ ಊರಿನವರಿಗೆ, ಮೇಜಿನ ಹಿಂದೆ ಕೂತು ಒಬ್ಬ ಮನುಷ್ಯ ಬರೇ ಮಾತಿನಲ್ಲಿ ಅರ್ಧ ಗಂಟೆ ಹಿಡಿದಿಡುವುದು ಹೊಸತಲ್ಲ. ಒಂದೇ ವ್ಯತ್ಯಾಸ. ಅರ್ಥಧಾರಿ ಆ ಕ್ಷಣದಲ್ಲಿ ಹುಟ್ಟಿದ್ದನ್ನು ಹೇಳುತ್ತಾರೆ. ಟೀವಿಯವರ ಹಿಂದೆ ಹತ್ತಾರು ಜನ ಕೂತು ಬರೆದು ಕೊಟ್ಟಿರುತ್ತಾರೆ. ಈ ವಿಷಯದಲ್ಲಿ ನನ್ನ ಓಟು ಅರ್ಥಧಾರಿಗೇ.

ಅದಕ್ಕೆ ರಾತ್ರಿಯೇ ಯಾಕೆ ಆಗಬೇಕು?

ಅಮೆರಿಕದಲ್ಲಿ ಇದು ವೇಳಾಪಟ್ಟಿಯ ಲೆಕ್ಕ. ದೊಡ್ಡ ಚಾನೆಲ್‌ಗಳ ಮುಖ್ಯ ಕಾರ್ಯಕ್ರಮಗಳು ರಾತ್ರಿ 11ಕ್ಕೆ ಮುಗಿಯುತ್ತವೆ. ಆಮೇಲೆ ಊರಿನ ಸುದ್ದಿ. ಅದಾದ ಮೇಲೆ, 11.35ರ ಸುಮಾರಿಗೆ, ಮಲಗುವ ಮುಂಚಿನ ಹರಟೆ. ಎನ್‌ಬಿಸಿಯ 'ದಿ ಟುನೈಟ್ ಶೋ' 1954ರಿಂದ ಆ ಜಾಗದಲ್ಲಿ ಕೂತಿದೆ. ಕಾಮಿಡಿ ಸೆಂಟ್ರಲ್ ಎಂಬ ಕೇಬಲ್ ಚಾನೆಲ್ಲಿನ 'ದಿ ಡೈಲಿ ಶೋ' 11ಕ್ಕೆ ಬರುತ್ತದೆ. ರೆಕಾರ್ಡ್ ಮಾಡುವುದು ಸಂಜೆಯೇ. ನಮಗೆ ಅದು ಮರುದಿನ ಬೆಳಗ್ಗೆ ಎಂಟೂವರೆ, ಅಲ್ಲಿ ಚಳಿಗಾಲವಾದರೆ ಒಂಬತ್ತೂವರೆ. ಆ ಹೊತ್ತಿಗೆ ನಮ್ಮಲ್ಲಿ ತಿಂಡಿ, ಹಟ್ಟಿ, ತೋಟ. ಹಾಗಾಗಿ ನಾನು ನೋಡುವುದು ಮತ್ತೆ ರಾತ್ರಿಯೇ.

ಇನ್ನೊಂದು ಕಾರಣ ಇದೆ. ಗೇಲಿ ಅರ್ಥ ಆಗಬೇಕಾದರೆ ಸುದ್ದಿ ಮೊದಲೇ ಗೊತ್ತಿರಬೇಕು. ದಿನದ ಸುದ್ದಿ ಮುಗಿದ ಮೇಲೆ ಮಾತ್ರ ಅದು ಸಾಧ್ಯ.

ರಾತ್ರಿಗೆ ಒಂದು ಸಲಿಗೆಯೂ ಇದೆ ನೋಡಿ. ಬಯಲಾಟದಲ್ಲಿ ದೇವೇಂದ್ರ ನಮ್ಮ ಪಂಚಾಯತ್ ರಸ್ತೆಯ ಬಗ್ಗೆ ಮಾತಾಡುವ ಹಾಗಿಲ್ಲ. ಹಾಸ್ಯಗಾರ ಮಾತಾಡಬಹುದು. ದೂತನೋ ಸೇವಕನೋ ಆಗಿ ಬಂದು, ಸ್ವರ್ಗದ ದಾರಿ ಹೇಗಿತ್ತು ಎಂದು ಕೇಳಿದರೆ ನಮ್ಮೂರಿನ ಹೊಂಡಗಳ ಹೆಸರು ಹೇಳಿದರೆ ಆಯಿತು. ಎದುರು ಸಾಲಿನ ಕುರ್ಚಿಯಲ್ಲಿ ಪಂಚಾಯತ್ ಮೆಂಬರು ಕೂತಿದ್ದರೂ ನಗಲೇಬೇಕು. ಭೂತಕೋಲದ ಹಾಗಿನ ಪೊಟ್ಟನ್ ತೆಯ್ಯಂ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅದು ಶಂಕರಾಚಾರ್ಯರನ್ನೇ ದಾರಿಯಲ್ಲಿ ನಿಲ್ಲಿಸಿ, ನಿಮ್ಮನ್ನು ಕೊಯ್ದರೂ ನಮ್ಮನ್ನು ಕೊಯ್ದರೂ ಬರುವ ರಕ್ತ ಒಂದೇ ಅಲ್ವಾ ಎಂದು ಕೇಳಿದ ಕಥೆ. ಅದೂ ರಾತ್ರಿಯೇ.

ನಗಿಸುವುದು ಹೇಗೆ? ಜೋಕ್ ಹೇಳಿದ ಹಾಗೆ ಕಾಣುವುದಿಲ್ಲವಲ್ಲ?

ಇದು ನನಗೆ ತುಂಬ ಇಷ್ಟದ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತದೆ.

ನನ್ನ ಮಟ್ಟಿಗೆ ಇವರ ದೊಡ್ಡ ಆಯುಧ ಜೋಕ್ ಅಲ್ಲ, ಕಪಾಟು. ಹಳೆ ಕ್ಲಿಪ್ಪುಗಳ ಕಪಾಟು. ಒಬ್ಬ ನಾಯಕ ಇವತ್ತು ಬೆಲೆ ಏರಿಕೆ ಸಹಜ ಎನ್ನುತ್ತಾರೆ. ಇವರು ಅದನ್ನು ತೋರಿಸುತ್ತಾರೆ. ಆಮೇಲೆ ಅದೇ ನಾಯಕ ವಿರೋಧ ಪಕ್ಷದಲ್ಲಿದ್ದಾಗ ಖಾಲಿ ಗ್ಯಾಸ್ ಸಿಲಿಂಡರ್ ಹೊತ್ತು ನಡೆದದ್ದನ್ನು ತೋರಿಸುತ್ತಾರೆ. ಆಂಕರ್ ಏನೂ ಹೇಳುವುದಿಲ್ಲ. ಕ್ಯಾಮರಾ ನೋಡುತ್ತಾ ಕನ್ನಡಕ ಸರಿ ಮಾಡಿಕೊಳ್ಳುತ್ತಾರೆ. ನಮಗೆ ನಗು ಬರುತ್ತದೆ.

ಯಾಕೆ ಬರುತ್ತದೆ? ಆ ಸಿಲಿಂಡರ್ ಮೆರವಣಿಗೆ ನಮಗೂ ಎಲ್ಲೋ ನೆನಪಿತ್ತು. ನೆನಪು ಸರಿಯಾ ತಪ್ಪಾ ಎಂದು ಗೊತ್ತಿರಲಿಲ್ಲ. ಹಗಲಿಡೀ ಟೀವಿ ನಮ್ಮ ಹತ್ತಿರ ಹೊಸತು ಹೊಸತು ಎಂದು ಹೇಳುತ್ತಲೇ ಇರುತ್ತದೆ. ನಿನ್ನೆಯದ್ದನ್ನು ಕೇಳುವ ಹಾಗಿಲ್ಲ. ರಾತ್ರಿ ಒಬ್ಬರು ಬಂದು ನಿನ್ನೆಯದ್ದನ್ನು ತೆಗೆದು ಎದುರಿಗಿಟ್ಟಾಗ, ನನಗೆ ಮರೆವು ಹಿಡಿದಿಲ್ಲ ಎಂಬ ಸಮಾಧಾನ. ಆ ನಗುವಿನಲ್ಲಿ ಅರ್ಧ ಸಮಾಧಾನವೇ.

ಜಾನ್ ಸ್ಟೀವರ್ಟ್ 1999ರಲ್ಲಿ 'ದಿ ಡೈಲಿ ಶೋ'ಗೆ ಬಂದ ಮೇಲೆ ಇದನ್ನು ಒಂದು ಕಸುಬಿನ ಹಾಗೆ ಬೆಳೆಸಿದರು. ಇನ್ನೊಂದು ಉಪಾಯ ಸಾಲು ಕ್ಲಿಪ್ಪು. ಒಂದೇ ದಿನ ಒಂದೇ ಪಕ್ಷದ ಹತ್ತು ಜನ ಹತ್ತು ಚಾನೆಲ್ಲಿನಲ್ಲಿ ಒಂದೇ ವಾಕ್ಯ ಹೇಳುವುದನ್ನು ಒಂದರ ಹಿಂದೆ ಒಂದು ಅಂಟಿಸಿ ತೋರಿಸುವುದು. ಮೂರನೆಯವರಿಗೆ ನಗು ಶುರುವಾಗುತ್ತದೆ, ಏಳನೆಯವರಿಗೆ ಹೊಟ್ಟೆ ಹಿಡಿದುಕೊಳ್ಳಬೇಕು. ಮತ್ತೆ ಅವರ ಸುಳ್ಳು ವರದಿಗಾರರು. ದೂರದ ಯಾವುದೋ ದೇಶದಿಂದ ನೇರ ವರದಿ ಎಂದು ಗಂಭೀರವಾಗಿ ಮಾತಾಡುತ್ತಾರೆ. ನಿಂತಿರುವುದು ಅದೇ ಸ್ಟುಡಿಯೋದಲ್ಲಿ, ಹಸಿರು ಪರದೆಯ ಎದುರು. ಇದು ನೋಡುವವರಿಗೂ ಗೊತ್ತು. ನಿಜವಾದ ಚಾನೆಲ್‌ಗಳ ನೇರ ವರದಿಯ ಮೇಲೆಯೇ ಕಲ್ಲು ಅದು.

ಮಲಯಾಳದವರ ಉಪಾಯ ಬೇರೆ. ಅವರು ಮಂತ್ರಿಯ ಮಾತಿಗೆ ಹಳೆ ಸಿನಿಮಾದ ತುಣುಕು ಅಂಟಿಸುತ್ತಾರೆ. ಮಂತ್ರಿ ಪ್ರಶ್ನೆ ಹಾಕಿದರೆ ಉತ್ತರ ಮೂವತ್ತು ವರ್ಷ ಹಿಂದಿನ ಕಾಮಿಡಿ ನಟನ ಬಾಯಿಂದ ಬರುತ್ತದೆ. ಆ ಸಿನಿಮಾ ನೋಡದವರಿಗೆ ಅಲ್ಲಿ ಏನೂ ಇಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಡಿ.

ಇದನ್ನೆಲ್ಲ ಶುರು ಮಾಡಿದ್ದು ಅಮೆರಿಕದವರಾ?

ಅವರೇ ಮೊದಲಿಗರು ಎನ್ನಲು ಆಗುವುದಿಲ್ಲ. ಬ್ರಿಟನ್ನಿನ ಬಿಬಿಸಿಯಲ್ಲಿ 1962ರಲ್ಲೇ 'ದಟ್ ವಾಸ್ ದಿ ವೀಕ್ ದಟ್ ವಾಸ್' ಎಂಬ ಶನಿವಾರ ರಾತ್ರಿಯ ಕಾರ್ಯಕ್ರಮ ಬಂತು. ಮುಂದಿನ ವರ್ಷವೇ ನಿಂತಿತು. 1964 ಚುನಾವಣೆಯ ವರ್ಷ, ಬೇಡ ಎಂದರು. ಅಮೆರಿಕದ 'ಸ್ಯಾಟರ್ಡೆ ನೈಟ್ ಲೈವ್' 1975ರಲ್ಲಿ ಶುರುವಾದಾಗಿನಿಂದ ಅದರೊಳಗೆ ಒಂದು ಅಣಕು ಸುದ್ದಿ ಇದೆ. 'ದಿ ಡೈಲಿ ಶೋ' 1996ರದ್ದು. ಅಲ್ಲಿಂದ ಹೊರಟ ಸ್ಟೀಫನ್ ಕೋಲ್ಬೇರ್ 2005ರಿಂದ 2014ರವರೆಗೆ 'ದಿ ಕೋಲ್ಬೇರ್ ರಿಪೋರ್ಟ್' ನಡೆಸಿದರು. ಅದರಲ್ಲಿ ಅವರು ಒಂದು ವೇಷ ಹಾಕಿಕೊಂಡಿದ್ದರು: ಏನೂ ತಿಳಿಯದೆ ಎಲ್ಲ ತಿಳಿದವರ ಹಾಗೆ ಕಿರುಚುವ ಟೀವಿ ಪಂಡಿತ. ಒಂಬತ್ತು ವರ್ಷ ಆ ವೇಷ ಕಳಚಲಿಲ್ಲ. ಜಾನ್ ಆಲಿವರ್ ಕೂಡ ಅದೇ 'ಡೈಲಿ ಶೋ' ಗರಡಿಯವರು. 2014ರಿಂದ ಎಚ್‌ಬಿಒದಲ್ಲಿ ವಾರಕ್ಕೊಮ್ಮೆ ಬರುತ್ತಾರೆ. ನಡುವೆ ಜಾಹೀರಾತು ಇಲ್ಲ, ಒಂದೇ ವಿಷಯಕ್ಕೆ ಇಪ್ಪತ್ತು ನಿಮಿಷ.

ನಮ್ಮ ದೇಶದಲ್ಲಿ ಜಸ್ಪಾಲ್ ಭಟ್ಟಿಯವರನ್ನು ಮರೆಯಬಾರದು. 1989ರಲ್ಲಿ 'ಫ್ಲಾಪ್ ಶೋ' ಬಂದದ್ದು ದೂರದರ್ಶನದಲ್ಲಿ. ಸರ್ಕಾರದ ಟೀವಿಯಲ್ಲಿ ಸರ್ಕಾರಿ ಕಚೇರಿಯ ಲಂಚದ ತಮಾಷೆ! ಈಗ ನೆನೆಸಿದರೆ ಅದೇ ದೊಡ್ಡ ಜೋಕ್ ಅನಿಸುತ್ತದೆ.

ಮಲಯಾಳದಲ್ಲಿ ಇದು ಅಷ್ಟು ಚೆನ್ನಾಗಿ ನಡೆಯುವುದು ಹೇಗೆ?

ಅವರಿಗೆ ಹಳೆ ಆಸ್ತಿ ಇದೆ. ದೇವಸ್ಥಾನದ ನಾಟ್ಯಶಾಲೆಯಾದ ಕೂತ್ತಂಬಲದಲ್ಲಿ ಚಾಕ್ಯಾರ್ ಎಂಬ ಕಲಾವಿದ ಕಥೆ ಹೇಳುತ್ತಾ ಎದುರು ಕೂತ ಯಾರನ್ನು ಬೇಕಾದರೂ ಗೇಲಿ ಮಾಡಬಹುದಿತ್ತು, ರಾಜನನ್ನೂ ಬಿಡಬೇಕಿರಲಿಲ್ಲ. ಅಲ್ಲಿ ಮಿಳಾವು ಎಂಬ ವಾದ್ಯ ಬಾರಿಸುತ್ತಾ ತೂಕಡಿಸಿದ ಕುಂಜನ್ ನಂಬಿಯಾರ್ ಅವರನ್ನು ಹಾಗೆ ಗೇಲಿ ಮಾಡಿದ್ದಕ್ಕೆ, ಅವರು ಸಿಟ್ಟಿನಿಂದ ಮರುದಿನವೇ ತುಳ್ಳಲ್ ಎಂಬ ಹೊಸ ಕುಣಿತ ಕಟ್ಟಿ ಜನರನ್ನು ಅತ್ತ ಸೆಳೆದರು ಎಂಬ ಕಥೆ ಕೇರಳದಲ್ಲಿ ಎಲ್ಲರಿಗೂ ಗೊತ್ತು.

ಟೀವಿಯಲ್ಲಿ ಏಷ್ಯಾನೆಟ್‌ನವರ 'ಮುನ್ಷಿ' 2000ದಿಂದ ಇದೆ. ಕೆಲವೇ ನಿಮಿಷದ್ದು. ಬೇರೆ ಬೇರೆ ಪಕ್ಷ, ಜಾತಿ, ಧರ್ಮದ ಪಾತ್ರಗಳು ಸೇರಿ ಆ ದಿನದ ಸುದ್ದಿ ಜಗಳ ಆಡುತ್ತವೆ. ಮುನ್ಷಿ ಒಂದು ಗಾದೆ ಹೇಳಿ ಬಾಗಿಲು ಹಾಕುತ್ತಾರೆ. ಮನೋರಮಾ ನ್ಯೂಸ್‌ನ 'ತಿರುವಾ ಎದಿರ್ವಾ', ಏಷ್ಯಾನೆಟ್ ನ್ಯೂಸ್‌ನ 'ಚಿತ್ರಂ ವಿಚಿತ್ರಂ' ಮೇಲೆ ಹೇಳಿದ ಸಿನಿಮಾ ತುಣುಕಿನ ಜಾತಿಯವು.

ನನ್ನದೊಂದು ಊಹೆ ಇದೆ. 1982ರಿಂದ 2016ರವರೆಗೆ ಕೇರಳದಲ್ಲಿ ಪ್ರತಿ ವಿಧಾನಸಭಾ ಚುನಾವಣೆಗೂ ಸರ್ಕಾರ ಬದಲಾಯಿತು. 2021ರಲ್ಲಿ ಮಾತ್ರ ಅದು ತಪ್ಪಿತು. ಅಂದರೆ ಇವತ್ತು ಧರಣಿ ಕೂತವರು ನಾಳೆ ಮಂತ್ರಿ, ಇವತ್ತಿನ ಮಂತ್ರಿ ನಾಳೆ ಧರಣಿಗೆ. ಎರಡೂ ಕಡೆಯವರು ಎರಡೂ ಪಾತ್ರ ಮಾಡಿದ ಕ್ಲಿಪ್ಪು ಕಪಾಟಿನಲ್ಲಿ ತುಂಬಿದೆ. ಗೇಲಿ ಮಾಡುವವರಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಹಾಗಾದರೆ ಕನ್ನಡದಲ್ಲಿ ಯಾಕೆ ಅಷ್ಟು ಕಾಣುವುದಿಲ್ಲ? ನಮಗೆ ಹಾಸ್ಯ ಬರುವುದಿಲ್ವಾ?

ಬಾರದೆ ಏನು? 1942ರಲ್ಲಿ ಡಾ. ಎಂ. ಶಿವರಾಂ 'ಕೊರವಂಜಿ' ಹಾಸ್ಯಪತ್ರಿಕೆ ಶುರು ಮಾಡಿದರು. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದವರು. 'ಪ್ರಜಾವಾಣಿ'ಯಲ್ಲಿ ಟಿಎಸ್ಸಾರ್ ಅವರ 'ಛೂಬಾಣ' ಅಂಕಣ ಇತ್ತು. ಇನ್ನು ಮಾಸ್ಟರ್ ಹಿರಣ್ಣಯ್ಯ. 'ಲಂಚಾವತಾರ'ದಲ್ಲಿ ಆ ದಿನದ ರಾಜಕೀಯವನ್ನು ಸಂಜೆಯ ಆಟಕ್ಕೆ ಸೇರಿಸಿ ಬಿಡುತ್ತಿದ್ದರು. ಟಿಕೆಟ್ ತೆಗೆದು ಒಳಗೆ ಹೋದವರಿಗೆ ಇವತ್ತು ಯಾರ ಗ್ರಹಚಾರ ಎಂಬುದೇ ಕುತೂಹಲ. ಲೇಟ್ ನೈಟ್ ಅಂದರೆ ಅದೇ ಅಲ್ವಾ? ಕ್ಯಾಮರಾ ಇರಲಿಲ್ಲ, ಅಷ್ಟೆ.

ಟೀವಿಗೆ ಬಂದಾಗ ತೊಂದರೆ ಬೇರೆ. ಅಣಕ ಮಾಡಲು ಎದುರಿಗೆ ಗಂಭೀರವಾದದ್ದು ಒಂದು ಇರಬೇಕು. ನಮ್ಮ ಸುದ್ದಿ ಚಾನೆಲ್ಲುಗಳಲ್ಲಿ ಗುಡುಗಿನ ಸದ್ದು, ಬೆಂಕಿಯ ಗ್ರಾಫಿಕ್ಸ್, ಸಿನಿಮಾ ಹಾಡು, ಪ್ರಾಸದ ಹೆಡ್‌ಲೈನ್ ಎಲ್ಲ ಮೊದಲೇ ಇದೆ. ಅದನ್ನು ಮತ್ತೆ ಅಣಕಿಸುವುದು ಹೇಗೆ? ಹಾಸ್ಯಗಾರನೇ ರಾಜನ ವೇಷ ಹಾಕಿ ಬಂದರೆ ನಿಜವಾದ ಹಾಸ್ಯಗಾರ ವೇಷ ಕಟ್ಟುವ ಚೌಕಿಯಲ್ಲೇ ಕೂರಬೇಕಾಗುತ್ತದೆ.

ಅಮೆರಿಕದ ರಾಜಕೀಯ ಕಟ್ಟಿಕೊಂಡು ನಿಮಗೇನು?

ನನ್ನ ಭಾವ ಪ್ರತಿ ಶ್ರಾದ್ಧದ ಊಟದಲ್ಲೂ ಇದನ್ನು ಕೇಳುತ್ತಾರೆ. ಏನೂ ಇಲ್ಲ ಭಾವ. ಅಲ್ಲಿಯ ಸೆನೆಟ್ ಎಂಬುದು ನಮಗೆ ಎಂತ ಆಗಬೇಕು? ಹೆಸರುಗಳಲ್ಲಿ ಅರ್ಧ ನನಗೆ ನೆನಪಿರುವುದಿಲ್ಲ. ಆದರೆ ಒಬ್ಬ ದೊಡ್ಡ ಮನುಷ್ಯ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಳ್ಳುವಾಗಿನ ಮುಖ ಇದೆಯಲ್ಲ, ಅದು ಎಲ್ಲ ದೇಶದಲ್ಲೂ ಒಂದೇ. ಅದಕ್ಕೆ ಸಬ್‌ಟೈಟಲ್ ಬೇಡ.

ಮಲಯಾಳ ಜೋಕು ಕನ್ನಡದವರಿಗೆ ನಿಜವಾಗಿ ಅರ್ಥ ಆಗುತ್ತದಾ?

ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು. ಮಲಯಾಳ ಬಂದದ್ದು ಬಸ್ಸಿನ ಬೋರ್ಡು, ರೇಷನ್ ಅಂಗಡಿ ಮತ್ತು ಟೀವಿಯಿಂದ. ಮೊದಲೆಲ್ಲ ಇಂಥ ಕಾರ್ಯಕ್ರಮ ನೋಡುವಾಗ ನನ್ನ ನಗು ಎರಡು ಮೂರು ಸೆಕೆಂಡ್ ತಡ ಆಗುತ್ತಿತ್ತು. ಮಾತು ಅರ್ಥ ಆಗುತ್ತಿತ್ತು. ಅಂಟಿಸಿದ ಸಿನಿಮಾ ತುಣುಕು ಗೊತ್ತಾಗುತ್ತಿರಲಿಲ್ಲ. ಪಕ್ಕದ ಮನೆಯ ಮಲಯಾಳಿ ಹುಡುಗರು ನಕ್ಕು ಮುಗಿಸಿದ ಮೇಲೆ ನಾನು ನಗುತ್ತಿದ್ದೆ, ಅದೂ ಅವರು ನಕ್ಕರು ಎಂದು. ಆಮೇಲೆ ಹಟ ಹಿಡಿದು ಹಳೆ ಮಲಯಾಳ ಸಿನಿಮಾಗಳನ್ನು ಒಂದೊಂದಾಗಿ ನೋಡಿದೆ. ಒಂದು ರಾತ್ರಿ ತುಣುಕು ಬರುವ ಮೊದಲೇ ಇದೇ ಬರುತ್ತದೆ ಎಂದು ಗೊತ್ತಾಯಿತು. ಬಂತು. ನಗುವಿಗಿಂತ ಜಾಸ್ತಿ ಹೆಮ್ಮೆ ಆಯಿತು.

ಈ ಕಾರ್ಯಕ್ರಮಗಳ ಸೆಳೆತ ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಜೋಕು ವಿವರಿಸಿ ಹೇಳುವುದಿಲ್ಲ. ನಿನಗೆ ಇದು ಗೊತ್ತಿದೆ ಎಂದು ನಂಬಿಯೇ ಹೇಳುತ್ತಾರೆ. ಗೊತ್ತಿದ್ದರೆ ನೀನು ನಮ್ಮವನು.

ಇನ್ನು ಇದರ ಇನ್ನೊಂದು ಮುಖ. ನಾವು ಅವರ ಜೋಕಿಗೆ ನಗುತ್ತೇವೆ. ಆದರೆ ಆ ಜೋಕಿನ ಒಳಗೆ ನಾವು ಇಲ್ಲ. ಕೇರಳದ ಪಕ್ಷಗಳ ಯಾತ್ರೆಗಳು ಸಾಧಾರಣವಾಗಿ ನಮ್ಮ ಜಿಲ್ಲೆಯಿಂದಲೇ ಹೊರಡುತ್ತವೆ, ತಿರುವನಂತಪುರಕ್ಕೆ. ಹೊರಟದ್ದು ತಿರುಗಿ ನೋಡುವುದಿಲ್ಲ. 2023ರ ನವೆಂಬರ್ 18ರಂದು ಮುಖ್ಯಮಂತ್ರಿ, ಮಂತ್ರಿಗಳೆಲ್ಲ ಒಂದೇ ಬಸ್ಸಿನಲ್ಲಿ ಹೊರಟ ನವಕೇರಳ ಸದಸ್ಸು ಶುರುವಾದದ್ದು ನಮ್ಮ ಪೈವಳಿಕೆಯಲ್ಲಿ. ಆ ಬಸ್ಸಿನ ಮೇಲೆ ಬಂದ ತಮಾಷೆಗಳಿಗೆ ಲೆಕ್ಕ ಇಲ್ಲ. ನಾನೂ ನಕ್ಕಿದ್ದೇನೆ. ನಾನು ನೋಡಿದ್ದರಲ್ಲೆಲ್ಲ ಬಸ್ಸು ಕಂಡಿತು, ಪೈವಳಿಕೆ ಕಾಣಲಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿಯ ಕನ್ನಡಿಗರು ಬೀದಿಗಿಳಿದರು. ಅದೂ ಯಾವ ರಾತ್ರಿಯೂ ನನ್ನ ಕಣ್ಣಿಗೆ ಬೀಳಲಿಲ್ಲ. ಕನ್ನಡ ಚಾನೆಲ್ ಹಾಕಿದರೆ ನಾವು ಕೇರಳದವರು.

ನಮ್ಮನ್ನು ಯಾರಾದರೂ ಒಮ್ಮೆ ಗೇಲಿ ಮಾಡಲಿ ಎಂದು ಕಾಯುವ ಜನ ನಾವು ಮಾತ್ರ ಇರಬೇಕು.

ನಗಬಾರದ ವಿಷಯ ಎಂದು ಇಲ್ವಾ?

ಇದೆ. 2020ರ ಮಾರ್ಚಿನಲ್ಲಿ ಕೊರೋನಾ ಎಂದು ಕರ್ನಾಟಕ ಗಡಿ ಮುಚ್ಚಿತು. ರಸ್ತೆಗಳಿಗೆ ಮಣ್ಣು ಸುರಿದರು. ಕಾಯಿಲೆ ಬಿದ್ದರೆ ಮಂಗಳೂರಿಗೆ ಓಡುವ ಜನ ನಾವು. ಗಡಿಯ ತಲಪಾಡಿಯಿಂದ ಈಚೆ ಆಂಬುಲೆನ್ಸ್‌ಗಳು ನಿಂತವು. ಆಗ ಮಣ್ಣಿನ ರಾಶಿಯ ಮೇಲೆ ಎರಡೂ ಭಾಷೆಯಲ್ಲಿ ಮೊಬೈಲಿಗೆ ತಮಾಷೆಗಳು ಬಂದವು. ನನಗೆ ಒಂದಕ್ಕೂ ನಗು ಬರಲಿಲ್ಲ. ಮಣ್ಣಿನ ಆಚೆ ಕೂತವರಿಗೆ ಬಂದಿರಬಹುದು.

ಆದರೆ ನಗಬಾರದ ವಿಷಯವನ್ನು ಈ ಕಾರ್ಯಕ್ರಮ ಮುಟ್ಟಲೇಬಾರದು ಎಂದು ನಾನು ಒಪ್ಪುವುದಿಲ್ಲ. 2010ರ ಡಿಸೆಂಬರ್. ನ್ಯೂಯಾರ್ಕಿನ ಅವಳಿ ಗೋಪುರ ಬಿದ್ದಾಗ ರಕ್ಷಣೆಗೆ ಹೋಗಿ, ಆ ದೂಳು ಕುಡಿದು ಕಾಯಿಲೆ ಬಿದ್ದವರ ಚಿಕಿತ್ಸೆಯ ಮಸೂದೆ ಅಲ್ಲಿಯ ಸೆನೆಟ್‌ನಲ್ಲಿ ಸಿಕ್ಕಿಬಿದ್ದಿತ್ತು. ಸ್ಟೀವರ್ಟ್ ಅಂಥ ನಾಲ್ಕು ಜನರನ್ನು ಕರೆದು ಕೂರಿಸಿ ಮಾತಾಡಿಸಿದರು. ಕ್ರಿಸ್‌ಮಸ್ ಒಳಗೆ ಮಸೂದೆ ಪಾಸಾಯಿತು. ಅವರೊಬ್ಬರಿಂದಲೇ ಆಯಿತು ಎನ್ನುವುದು ಜಾಸ್ತಿ ಆಗುತ್ತದೆ. ಆದರೆ ಬೇರೆ ಚಾನೆಲ್ಲುಗಳಿಗೆ ನಾಚಿಕೆ ಆದದ್ದು ನಿಜ.

ಅದನ್ನು ನೋಡುವಾಗ ನನಗೆ ಕಂಡದ್ದು ನಮ್ಮ ಎಂಡೋಸಲ್ಫಾನ್. ಇಲ್ಲಿಯ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಈ ಕೀಟನಾಶಕ ವಿಷ ಸುರಿದರು. 2000ದ ಹೊತ್ತಿಗೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಿ ಎಂದಿತು. ಆಲಿವರ್ ಇದನ್ನು ಮಾಡಿದರೆ ಹೇಗಿರುತ್ತದೆ ಎಂದು ಸುಲಿಯುತ್ತಾ ಎಷ್ಟೋ ಸಲ ಯೋಚಿಸಿದ್ದೇನೆ. ಕಾಯಿಲೆ ಬಿದ್ದ ಮಕ್ಕಳ ಚಿತ್ರ ಬೇಡ. ಅದನ್ನು ಎಲ್ಲರೂ ತೋರಿಸಿ ಆಗಿದೆ. ಭರವಸೆ ಕೊಟ್ಟವರ ಕ್ಲಿಪ್ಪು, ಕೆಳಗೆ ತಾರೀಕು. ಮತ್ತೊಂದು ಭರವಸೆ, ಮತ್ತೊಂದು ತಾರೀಕು. ಮೂರು ತಿಂಗಳು ಎಂದು ಕೋರ್ಟು ಹೇಳಿದ್ದು, ಆಮೇಲೆ ಕ್ಯಾಲೆಂಡರಿನ ಹಾಳೆ ಸುಮ್ನೆ ತಿರುಗುತ್ತಾ ಹೋಗುವುದು. ನಗು ಬೀಳಬೇಕಾದದ್ದು ಕ್ಯಾಲೆಂಡರಿನ ಮೇಲೆ.

ಇವರ ಮೇಲೆ ಕೇಸು ಬೀಳುವುದಿಲ್ವಾ?

ಬೀಳುತ್ತದೆ. ಕೇಸಿಗಿಂತ ಕೆಟ್ಟದ್ದೂ ಆಗುತ್ತದೆ. ಈಜಿಪ್ಟಿನ ಬಾಸ್ಸೆಮ್ ಯೂಸೆಫ್ ಹೃದಯದ ಸರ್ಜನ್. 2011ರ ಕ್ರಾಂತಿಯ ಹೊತ್ತಿನಲ್ಲಿ ಮನೆಯಿಂದ ಯೂಟ್ಯೂಬಿಗೆ ತಮಾಷೆ ಹಾಕಿ, ಆಮೇಲೆ ಟೀವಿಗೆ ಬಂದರು. 2013ರಲ್ಲಿ ಅಧ್ಯಕ್ಷರನ್ನು ಅವಮಾನಿಸಿದರು ಎಂದು ವಿಚಾರಣೆಗೆ ಕರೆದರು. ಸರ್ಕಾರ ಬದಲಾಯಿತು. ಬಂದವರಿಗೂ ಇವರು ಹಿಡಿಸಲಿಲ್ಲ. 2014ರಲ್ಲಿ ಕಾರ್ಯಕ್ರಮವೇ ನಿಂತಿತು, ಅವರು ದೇಶ ಬಿಟ್ಟರು. ರಷ್ಯಾದ ಎನ್‌ಟಿವಿಯಲ್ಲಿ 'ಕೂಕ್ಲಿ' ಎಂಬ ಗೊಂಬೆಗಳ ಗೇಲಿ 1994ರಿಂದ 2002ರವರೆಗೆ ನಡೆಯಿತು. ಪುಟಿನ್ ಅವರ ಗೊಂಬೆ ಬಂದ ಮೇಲೆ ಅದರ ದಿನಗಳು ಎಣಿಕೆಯಾದವು.

ನಮ್ಮಲ್ಲಿ ಮಾನನಷ್ಟ ಈಗಲೂ ಕ್ರಿಮಿನಲ್ ಅಪರಾಧ. ಮೊದಲು ಐಪಿಸಿ 499, 500. 2024ರ ಜುಲೈಯಿಂದ ನ್ಯಾಯ ಸಂಹಿತೆಯ 356. ಒಂದು ಒಳ್ಳೆಯ ಸುದ್ದಿ: 2015ರ ಮಾರ್ಚ್ 24ರಂದು ಆನ್‌ಲೈನಿನಲ್ಲಿ ಮನ ನೋಯಿಸುವ ಮಾತು ಹಾಕಿದರೆ ಜೈಲು ಎನ್ನುವ ಐಟಿ ಕಾಯ್ದೆಯ 66ಎ ಅನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ, ಅದೇ ತೀರ್ಪಿನಲ್ಲಿ ಅದೇ ತರದ ಕೇರಳ ಪೊಲೀಸ್ ಕಾಯ್ದೆಯ 118(ಡಿ) ಕೂಡ ಹೋಯಿತು. 2020ರಲ್ಲಿ ಅವಮಾನಿಸುವ ಮಾತಿಗೆ ಜೈಲು ಎನ್ನುವ 118ಎ ಎಂಬ ಹೊಸ ಸುಗ್ರೀವಾಜ್ಞೆ ಕೇರಳದಲ್ಲಿ ಬಂತು. ಗಲಾಟೆ ಎದ್ದು ಕೆಲವೇ ದಿನದಲ್ಲಿ ವಾಪಸು. ಆ ವಾರದ ಮಲಯಾಳ ಕಾರ್ಯಕ್ರಮಗಳು, ಮಾರಾಯ್ರೆ, ಹಬ್ಬ.

ಕೇಸೇ ಬೇಕೆಂದಿಲ್ಲ. 2020ರ ಫೆಬ್ರವರಿಯಲ್ಲಿ ಆಲಿವರ್ ನಮ್ಮ ಪ್ರಧಾನಿಯ ಬಗ್ಗೆ ಮಾಡಿದ ಕಂತು ಇಲ್ಲಿಯ ಹಾಟ್‌ಸ್ಟಾರಿನಲ್ಲಿ ಬರಲೇ ಇಲ್ಲ. ಯೂಟ್ಯೂಬಿನಲ್ಲಿ ಇತ್ತು. ಬಾರದ ಕಾರಣಕ್ಕೇ ಜಾಸ್ತಿ ಜನ ಹುಡುಕಿ ನೋಡಿದರು.

ನಕ್ಕು ಮಲಗಿದರೆ ಏನು ಲಾಭ?

ಲಾಭ ಎಂದರೆ ಏನು ಎಂಬುದರ ಮೇಲೆ. ಆಲಿವರ್ 2014ರ ಜೂನಿನಲ್ಲಿ ಇಂಟರ್‌ನೆಟ್ ಕಂಪನಿಗಳು ಎಲ್ಲ ತಾಣಗಳನ್ನೂ ಸಮಾನವಾಗಿ ಕಾಣಬೇಕು ಎಂಬ ಒಣ ವಿಷಯ ಎತ್ತಿಕೊಂಡರು. ನೋಡಿದವರು ಸರ್ಕಾರಿ ಆಯೋಗದ ತಾಣಕ್ಕೆ ನುಗ್ಗಿ ಅಭಿಪ್ರಾಯ ಬರೆದರು. ತಾಣ ತಡಬಡಾಯಿಸಿತು. 2015ರಲ್ಲಿ ಬಿಗಿ ನಿಯಮ ಬಂತು. 2017ರಲ್ಲಿ ಹೊಸಬರು ಬಂದು ಅದನ್ನೇ ತೆಗೆದರು. ಗೇಲಿಯ ಶಕ್ತಿಯೂ ಮಿತಿಯೂ ಇದರಲ್ಲೇ ಇದೆ. 2016ರಲ್ಲಿ ಅವರೇ ಸುಮಾರು 60,000 ಡಾಲರ್ ಕೊಟ್ಟು, ಸುಮಾರು 9,000 ಜನರ 1.5 ಕೋಟಿ ಡಾಲರ್ ಆಸ್ಪತ್ರೆ ಸಾಲ ಕೊಂಡು ಮನ್ನಾ ಮಾಡಿದರು. ಬಾರದ ಸಾಲವನ್ನು ಎಷ್ಟು ಅಗ್ಗಕ್ಕೆ ಮಾರುತ್ತಾರೆ ಎಂದು ತೋರಿಸಲು ಮಾಡಿದ್ದು. ಸೊಸೈಟಿ ಸಾಲ ಇರುವವರು ಇದನ್ನು ಕೇಳಿದಾಗ ಒಂದು ಕ್ಷಣ ಸುಮ್ಮನಾಗುತ್ತಾರೆ.

ನನ್ನ ಆಕ್ಷೇಪವೂ ಒಂದಿದೆ. ನಕ್ಕ ಕೂಡಲೇ ಕೆಲಸ ಮಾಡಿ ಮುಗಿಸಿದ ಹಾಗೆ ಅನಿಸುತ್ತದೆ. ಸಿಟ್ಟು ಇಳಿದು ಹೋಗುತ್ತದೆ. ಇಳಿಯಬಾರದ ಸಿಟ್ಟೂ.

ಇದರಿಂದ ಸುದ್ದಿ ಸರಿಯಾಗಿ ತಿಳಿಯುತ್ತದಾ?

2007ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ ನೋಡಿದಾಗ, ಸ್ಟೀವರ್ಟ್, ಕೋಲ್ಬೇರ್ ಕಾರ್ಯಕ್ರಮಗಳ ವೀಕ್ಷಕರು ಲೋಕಜ್ಞಾನದಲ್ಲಿ ಮೇಲಿನ ಸಾಲಿನಲ್ಲಿದ್ದರು. ಇದನ್ನು ಹಿಡಿದು ಬೀಗಬೇಡಿ. ತಿಳಿದವರೇ ಅದನ್ನು ನೋಡಲು ಬರುತ್ತಾರೆ ಎಂದೂ ಆಗಬಹುದು. ತಿಳಿಯದವರಿಗೆ ನಗು ಬರುವುದಿಲ್ಲವಲ್ಲ.

ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಅಣಕು ಸುದ್ದಿಯ ತುಂಡನ್ನು ನಿಜ ಎಂದುಕೊಂಡು ಹಾಲಿನ ಸೊಸೈಟಿಯಲ್ಲಿ ಹತ್ತು ಜನರ ಎದುರು ಹೇಳಿದೆ. ಈಗಲೂ ನಾನು ಬಾಯಿ ತೆರೆದರೆ ಅಲ್ಲಿ ಒಬ್ಬರು, "ಇದು ಹಗಲಿನ ಸುದ್ದಿಯಾ, ರಾತ್ರಿಯದ್ದಾ?" ಎಂದು ಕೇಳುತ್ತಾರೆ.

ಎಲ್ಲ ಒಂದೇ ಪಕ್ಷದ ಕಡೆಗೆ ವಾಲುತ್ತಾರಂತೆ?

ಅಮೆರಿಕದವರಲ್ಲಿ ಹೆಚ್ಚಿನವರು ಹೌದು, ಎಡಕ್ಕೆ. ಅಡಗಿಸುವುದೂ ಇಲ್ಲ. ಮಲಯಾಳದಲ್ಲಿ ಚಾನೆಲ್ ನೋಡಿ ಅಂದಾಜು ಮಾಡಬಹುದು. ಎರಡು ನೋಡಿದರೆ ಸರಿ ಹೋಗುತ್ತದೆ.

ಮಕ್ಕಳ ಎದುರು ನೋಡಬಹುದಾ?

ಮಲಯಾಳದ್ದು ನೋಡಬಹುದು. ಆಲಿವರ್ ಬೇಡ. ಬೈಗುಳ ಜಾಸ್ತಿ. ನಾನು ಇಯರ್‌ಫೋನ್ ಹಾಕಿಕೊಳ್ಳುತ್ತೇನೆ. ಒಬ್ಬನೇ ನಗುವುದನ್ನು ನೋಡಿ ಅತ್ತೆ ಮೊದಮೊದಲು ಹೆದರಿದ್ದರು.

ಟೀವಿಯಲ್ಲಿ ಇದಕ್ಕೆ ಇನ್ನು ಭವಿಷ್ಯ ಇದೆಯಾ?

ಕೋಲ್ಬೇರ್ 2015ರಿಂದ ನಡೆಸಿಕೊಂಡು ಬಂದ 'ದಿ ಲೇಟ್ ಶೋ'ವನ್ನು 2026ರ ಮೇಯಲ್ಲಿ ನಿಲ್ಲಿಸುತ್ತೇವೆ ಎಂದು ಸಿಬಿಎಸ್ 2025ರ ಜುಲೈಯಲ್ಲಿ ಪ್ರಕಟಿಸಿತು. ಹಣದ ಕಾರಣ ಎಂದರು. ರಾಜಕೀಯ ಎಂದು ಬಹಳ ಜನ ಅಂದರು. ಎರಡೂ ಇರಬಹುದು. 11.35ಕ್ಕೆ ಟೀವಿ ಎದುರು ಕೂರುವವರು ಕಡಿಮೆಯಾದದ್ದಂತೂ ನಿಜ. ಮರುದಿನ ಬಸ್ಸಿನಲ್ಲಿ ಆರು ನಿಮಿಷದ ತುಂಡು ನೋಡಿದರೆ ಮುಗಿಯಿತು. ನಮ್ಮ ಬಯಲಾಟವೂ ಈಗ ಕಾಲಮಿತಿಯದ್ದು. ಬೆಳಗಿನ ಜಾವದ ಹಾಸ್ಯಕ್ಕೆ ಕಾದು ಕೂತವರ ಮಕ್ಕಳು ಈಗ ಹನ್ನೆರಡಕ್ಕೇ ಮನೆ ಸೇರುತ್ತಾರೆ.

ಹೊಸಬರು ಎಲ್ಲಿಂದ ಶುರು ಮಾಡುವುದು?

ಮಲಯಾಳ ಸ್ವಲ್ಪ ಬಂದರೆ 'ಮುನ್ಷಿ'. ಕೆಲವು ನಿಮಿಷದಲ್ಲಿ ಮುಗಿಯುತ್ತದೆ, ಅರ್ಥ ಆಗದಿದ್ದರೆ ನಷ್ಟ ಇಲ್ಲ. ಇಂಗ್ಲಿಷ್ ಆದರೆ ಆಲಿವರ್ ಅವರ ಆಸ್ಪತ್ರೆ ಸಾಲದ ಕಂತು. ಅಲ್ಲಿಯ ಹೆಸರುಗಳು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಮೊದಲ ದಿನ ನಗು ಬಾರದಿದ್ದರೆ ಬೇಸರ ಬೇಡ. ಒಂದು ವಾರ ಹಗಲಿನ ಸುದ್ದಿ ನೋಡಿ, ಆಮೇಲೆ ಬನ್ನಿ.

ನೀವು ಮಲಗುವುದು ಎಷ್ಟು ಗಂಟೆಗೆ?

ಸುಲಿಯಲು ಎಷ್ಟು ಅಡಿಕೆ ಉಳಿದಿದೆ ಎಂದು ನೋಡಿ ಹೇಳಬೇಕು.